ಹಲಸಿನ ಬೀಜದ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆಗೆ ಬಣ್ಣ ಹೊಡೆಸಿ ನೋಡು ಎನ್ನಲಿಲ್ಲ. ಆ ಪ್ರಮೇಯವೇ ಅವರಿಗೆ ಬಂದಿರಲಿಲ್ಲ. ಹಬ್ಬ ಹತ್ತಿರ ಬಂತೆಂದರೆ ಸುಣ್ಣದ ಕಲ್ಲು ತಂದು ಹಳೆಯ ಡ್ರಮ್ಮಿನ ನೀರಿಗೆ ಹಾಕುವುದು. ಒಲೆ ಬೆಂಕಿಯಿಲ್ಲದೆ ಅದು ಕೊತಕೊತನೆ ಕುದಿಯುವುದನ್ನು ಮಕ್ಕಳು ದೂರ ನಿಂತು ನೋಡುವುದು. ಆರಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ, ನಾರಿನ ಕುಂಚದಿಂದ ಬಳಿಯುವುದು. ಬಳಿದ ದಿನ ಮಂಕಾಗಿ ಕಂಡ ಗೋಡೆ ಎರಡು ಮೂರು ದಿನದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನೀರು ಕುಡಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲೇ ಆಗಿಬಿಡುತ್ತದೆ. ಹತ್ತನೆಯ ತರಗತಿಯ ಮಕ್ಕಳು ಇದನ್ನು ಸಮೀಕರಣ ಸಮೇತ ಬರೆದು ಅಂಕ ಗಿಟ್ಟಿಸುತ್ತಾರೆ. ಸುಣ್ಣ ಬಳಿಯುವುದನ್ನು ಕಣ್ಣಾರೆ ಕಂಡವರು ಮಾತ್ರ ಅವರಲ್ಲಿ ಕಡಿಮೆ.

ಈಗ ಹಾಗಲ್ಲ. ಅಂಗಡಿಗೆ ಹೋದರೆ ಪಂಚಾಂಗದಷ್ಟು ದಪ್ಪದ ಶೇಡ್ ಕಾರ್ಡು ಕೈಗೆ ಬರುತ್ತದೆ. ಹಸಿರೊಂದರಲ್ಲೇ ಹತ್ತಾರು ಪುಟ. ಗಂಡ ಒಂದು ಪುಟಕ್ಕೆ ಬೆರಳಿಟ್ಟರೆ ಹೆಂಡತಿ ಇನ್ನೊಂದಕ್ಕೆ ಇಡುತ್ತಾಳೆ. ಸಂಸಾರದ ಸಹನೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ಶಿವಮೊಗ್ಗದ ಒಂದು ಮನೆಯಲ್ಲಿ ಹೀಗೇ ಆಯಿತು. 1987ರಲ್ಲಿ ಕಟ್ಟಿದ ಮನೆ, ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಹಾಲು, ಕೆಂಪು ಗಾರೆಯ ನೆಲ, ಹಸಿರು ಎಣ್ಣೆಬಣ್ಣದ ಮರದ ಕಿಟಕಿಗಳು. ಯಜಮಾನರು ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವವರು. ಹಿರಿಯ ಮಗಳಿಗೆ ಏಳನೆಯ ತಿಂಗಳು. ಸೀಮಂತಕ್ಕೆ ತವರಿಗೆ ಬರುವವಳಿದ್ದಳು. ನೆಂಟರಿಷ್ಟರು ಸೇರುವ ಹಾಲು ಕಳೆ ಕಳೆದುಕೊಂಡಿದೆ, ಬಣ್ಣ ಹೊಡೆಸಲೇಬೇಕು ಎಂದು ಅಮ್ಮ ಹಟ ಹಿಡಿದರು. ಹಸಿರು ಸೀರೆ, ಹಸಿರು ಬಳೆಯ ಶಾಸ್ತ್ರವಾದ್ದರಿಂದ ಒಂದು ಗೋಡೆ ಹಸಿರಿರಲಿ, ಉಳಿದವು ಬೀಜ್ ಇರಲಿ ಎಂದು ಪಿಯುಸಿ ವಿಜ್ಞಾನ ಓದುತ್ತಿದ್ದ ಕಿರಿಯ ಮಗಳು ಸೂಚಿಸಿದಳು.

"ಯಾವ ಬೀಜವೇ?" ಎಂದರು ಅಜ್ಜಿ.

"ಬೀಜ ಅಲ್ಲ ಅಜ್ಜಿ, ಬೀಜ್. ಅದೊಂದು ಬಣ್ಣ."

ಅಜ್ಜಿ ಶೇಡ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇದು ಹಲಸಿನ ಬೀಜದ ಬಣ್ಣ ಅಲ್ಲವೇನೇ, ಹಾಗೇ ಅಂದರೆ ಆಗುತ್ತಿರಲಿಲ್ಲವೇ?" ಎಂದರು. ಸಾಗರದ ಕಡೆ ಹುಟ್ಟಿ ಬೆಳೆದವರಿಗೆ ಇನ್ನಾವ ಬೀಜ ನೆನಪಾದೀತು? ಒಣಗಿಸಿಟ್ಟ ಹಲಸಿನ ಬೀಜದ ಮೇಲಿನ ಸಿಪ್ಪೆಯ ಬಣ್ಣವೇ ಅದು, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬೀಜ್ ಎಂಬುದು ಫ್ರೆಂಚರ ಮಾತು. ಬಣ್ಣ ಹಾಕದ, ಕುರಿಯ ಮೈಮೇಲೆ ಇದ್ದಂತೆಯೇ ಇರುವ ಉಣ್ಣೆಗೆ ಅವರು ಹಾಗೆನ್ನುತ್ತಿದ್ದರು. ಅವರಿಗೆ ಉಣ್ಣೆ, ಅಜ್ಜಿಗೆ ಹಲಸು. ಮೇಸ್ತ್ರಿ ಅದನ್ನೇ ಬಿಸ್ಕತ್ ಕಲರ್ ಎಂದ. ಕನ್ನಡದಲ್ಲಿ ಬಣ್ಣಗಳಿಗೆ ಹೆಸರಿಲ್ಲ ಎನ್ನುವವರು ಗಮನಿಸಬೇಕು: ಗಿಳಿಹಸಿರು, ಪಾಚಿಹಸಿರು, ಎಣ್ಣೆಗೆಂಪು, ಮುಗಿಲುಬಣ್ಣ ಎಲ್ಲವೂ ಕಣ್ಣೆದುರಿನ ವಸ್ತುಗಳಿಂದಲೇ ಬಂದವು. ಹಸಿರು ಎಂಬ ಮಾತು ಕೂಡ ಹಸಿ ಎಂಬುದರ ಒಡಹುಟ್ಟು. ಅಂದಿನಿಂದ ಆ ಮನೆಯಲ್ಲಿ ಬೀಜ್ ಹೋಗಿ ಹಲಸಿನ ಬೀಜವೇ ನಿಂತಿತು.

ಅಜ್ಜಿಯ ಕಣ್ಣಿನ ವಿಷಯ ಇಲ್ಲಿ ಹೇಳಬೇಕು. ಅವರಿಗೆ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು, ಎಡಗಣ್ಣಿನದು ಬಾಕಿಯಿತ್ತು. "ಈ ಕಣ್ಣಲ್ಲಿ ನೋಡಿದರೆ ಗೋಡೆಗೆ ನೀಲಿ ಹಾಕಿದ ಹಾಗೆ ಬೆಳ್ಳಗಿದೆ, ಆ ಕಣ್ಣಲ್ಲಿ ನೋಡಿದರೆ ಕಷಾಯ ಚೆಲ್ಲಿದ ಹಾಗಿದೆ" ಎನ್ನುತ್ತಿದ್ದರು. ಮನೆಯವರು ನಗುತ್ತಿದ್ದರು. ಅಜ್ಜಿ ಹೇಳುತ್ತಿದ್ದುದು ಅಕ್ಷರಶಃ ಸತ್ಯ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಬೆಳಕನ್ನು ತಡೆದು ಒಳಗೆ ಬಿಡುವುದಿಲ್ಲ. ಆ ಮಸೂರ ತೆಗೆದು ಹೊಸದು ಹಾಕಿದ ದಿನ ಲೋಕವೆಲ್ಲ ಒಮ್ಮೆಗೇ ನೀಲಿಯಾಗಿ ಕಾಣುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಗೆ 1923ರಲ್ಲಿ ಬಲಗಣ್ಣಿನ ಪೊರೆ ತೆಗೆದಾಗಲೂ ಬಣ್ಣಗಳು ಹೀಗೇ ಗಲಿಬಿಲಿ ಮಾಡಿದ್ದವು. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುವುದರಲ್ಲೂ ಇದೇ ಲೆಕ್ಕವಿದೆ: ಹಳದಿ ಛಾಯೆಗೆ ನೀಲಿ ಸೇರಿದರೆ ಎರಡೂ ಒಂದನ್ನೊಂದು ಅಳಿಸಿ ಕಣ್ಣಿಗೆ ಬಿಳುಪು ಎನ್ನಿಸುತ್ತದೆ. ಇಂಥ ಎರಡು ಕಣ್ಣಿನ ಅಜ್ಜಿ ಮನೆಯಲ್ಲಿದ್ದರೆ ಬೇರೆ ಪ್ರಯೋಗಶಾಲೆ ಏಕೆ?

ನೆಲಕ್ಕೂ ಅದೇ ಹಲಸಿನ ಬೀಜದ ಬಣ್ಣದ ಟೈಲ್ಸ್ ಹಾಕಿಸಿ, ಎಲ್ಲ ಒಂದೇ ಮೇಳಕ್ಕೆ ಬರುತ್ತದೆ ಎಂದು ಯಾರೋ ಸಲಹೆ ಕೊಟ್ಟಿದ್ದರು. ಚಿತ್ರದಲ್ಲಿ ಅದು ಚೆಂದವೇ. ಆದರೆ ಹಾಲಿನಿಂದ ಅಡುಗೆಮನೆಗೆ ಹೋಗುವಲ್ಲಿ ಮೂರಂಗುಲದ ಮೆಟ್ಟಿಲೊಂದಿತ್ತು. ಗೋಡೆ, ನೆಲ, ಮೆಟ್ಟಿಲು ಎಲ್ಲ ಒಂದೇ ಬಣ್ಣವಾದರೆ ಮಸುಕುಗಣ್ಣಿಗೆ ಎಲ್ಲಿ ನೆಲ ಮುಗಿದು ಎಲ್ಲಿ ಮೆಟ್ಟಿಲು ಶುರು ಎಂದು ತಿಳಿಯುವುದಿಲ್ಲ. ಮುಪ್ಪಿನ ಕಣ್ಣಿಗೆ ಬೇಕಾದದ್ದು ಬಣ್ಣದ ಹೊಂದಾಣಿಕೆಯಲ್ಲ, ಬಣ್ಣದ ಅಂತರ. ವೃದ್ಧರಿರುವ ಮನೆಗಳಲ್ಲಿ ಬಿಳಿ ಗೋಡೆಯ ಮೇಲೆ ಬಿಳಿ ಸ್ವಿಚ್ಚು, ಬಿಳಿ ಬಚ್ಚಲಲ್ಲಿ ಬಿಳಿ ಹಿಡಿಕೆ ಇಡುವವರು ಈ ಮಾತನ್ನು ಯೋಚಿಸಬೇಕು. ಕೆಂಪು ಗಾರೆ ಉಳಿಯಿತು. ಮೆಟ್ಟಿಲ ಅಂಚಿಗೆ ಎರಡಂಗುಲ ಬಿಳಿ ಪಟ್ಟೆ ಎಳೆಸಿದರು.

ಕೆಂಪು ಗಾರೆ ಉಳಿದದ್ದು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸೊಗಸೇ. ಆ ಕೆಂಪು ಕಬ್ಬಿಣದ ಆಕ್ಸೈಡು. ಅದೇ ಕಬ್ಬಿಣದ ಆಕ್ಸೈಡು ನೀರಿನಂಶ ಸೇರಿಸಿಕೊಂಡರೆ ಹಳದಿ ಮಣ್ಣಾಗುತ್ತದೆ. ಬಿಳಿ ಟೈಟಾನಿಯಂ ಡೈ ಆಕ್ಸೈಡಿಗೆ ಈ ಹಳದಿಯನ್ನೂ ಕೆಂಪನ್ನೂ ತುಸು ತುಸು, ಕಪ್ಪನ್ನು ತೊಟ್ಟಷ್ಟು ಬೆರೆಸಿದರೆ ಹಲಸಿನ ಬೀಜ ಸಿದ್ಧ. ಅಂಗಡಿಯ ಯಂತ್ರ ಮಾಡುವುದೂ ಇಷ್ಟೇ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಯಂತ್ರವಿಲ್ಲದೆ ಇದನ್ನೇ ಮಾಡಿಕೊಂಡು ಬಂದವರು: ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಹಸೆ ಚಿತ್ತಾರದ ನಾಲ್ಕೇ ಬಣ್ಣಗಳ ಮುಂದೆ ಇವತ್ತಿನ ಸಾವಿರ ಬಣ್ಣದ ಶೇಡ್ ಕಾರ್ಡು ಸಪ್ಪೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಗೋಡೆಯ ಹಸಿರಿನ ಕಥೆ ಇನ್ನೂ ರುಚಿಕರ. ಇಂದಿನ ಬಣ್ಣಗಳಲ್ಲಿ ಹೆಚ್ಚಾಗಿ ಬಳಸುವ ಹಸಿರು ಥ್ಯಾಲೋಸಯನಿನ್ ಎಂಬ ವಸ್ತು. ನಾಲ್ಕು ಸಾರಜನಕಗಳು ಸುತ್ತುಗಟ್ಟಿ ನಡುವೆ ಒಂದು ತಾಮ್ರದ ಪರಮಾಣುವನ್ನು ಹಿಡಿದು ಕೂತಿರುತ್ತವೆ. ಎಲೆಯ ಪತ್ರಹರಿತ್ತಿನಲ್ಲೂ ಹೆಚ್ಚುಕಡಿಮೆ ಇಂಥದೇ ಉಂಗುರ, ನಡುವೆ ಮೆಗ್ನೀಸಿಯಂ. ರಕ್ತದ ಹಿಮೋಗ್ಲೋಬಿನ್ನಿನಲ್ಲೂ ಅದೇ ಬಗೆಯ ಉಂಗುರ, ನಡುವೆ ಕಬ್ಬಿಣ. ಗೋಡೆ, ಎಲೆ, ನೆತ್ತರು ಮೂರೂ ದಾಯಾದಿಗಳು. ವ್ಯತ್ಯಾಸವೆಂದರೆ ಎಲೆಯ ಹಸಿರು ಬಿಸಿಲಿಗೆ ಮಾಸುತ್ತದೆ. ಗೋಡೆಯದು ಬಹಳ ಕಾಲ ಜಪ್ಪಯ್ಯ ಎಂದರೂ ಮಾಸದು.

ಮೊದಲು ಬಾಗಿಲಿಗೆ ಎದುರಾದ ಪಡುವಣ ಗೋಡೆಗೆ ಹಸಿರು ಎಂದು ಗೊತ್ತಾಗಿತ್ತು. ಒಳಗೆ ಬಂದವರ ಕಣ್ಣಿಗೆ ಅದೇ ಮೊದಲು ಬೀಳುವುದಲ್ಲವೇ? ತಡೆದವರು ಅಮ್ಮ. "ಮಗಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಬೇಕು. ಅಂದರೆ ಅವಳ ಬೆನ್ನಿಗೆ ಆ ಗೋಡೆ. ಹಸಿರು ಸೀರೆ ಉಟ್ಟವಳು ಹಸಿರು ಗೋಡೆಯ ಮುಂದೆ ಕೂತರೆ ಮುಖ ಒಂದೇ ತೇಲಿದ ಹಾಗೆ ಕಾಣುತ್ತೆ" ಎಂದರು. ಯಾವ ಕಾಲೇಜಿನಲ್ಲೂ ಓದಿ ಹೇಳಿದ ಮಾತಲ್ಲ. ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಸೆರಗು ಹೊದ್ದು ಕನ್ನಡಿ ನೋಡಿದ ಅನುಭವ. ಪಡುವಣ ಗೋಡೆ ಹಲಸಿನ ಬೀಜಕ್ಕೆ ಹೋಯಿತು. ಉತ್ತರದ ಕಿಟಕಿಗೆ ಎದುರಾದ ದಕ್ಷಿಣದ ಗೋಡೆ ಹಸಿರಿಗೆ ಬಂತು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ಹಾಗಾಗಿ ವರ್ಷದ ಹೆಚ್ಚಿನ ಕಾಲ ಉತ್ತರದ ಕಿಟಕಿಯಿಂದ ಬರುವುದು ಬಿಸಿಲಲ್ಲ, ಆಕಾಶದ ತಣ್ಣನೆ ಬೆಳಕು. ಗಾಢ ಬಣ್ಣಕ್ಕೆ ಅಂಥ ಗೋಡೆ ಒಳ್ಳೆಯದು.

ಅಂದಹಾಗೆ ಗಾಢ ಬಣ್ಣವನ್ನು ಒಂದೇ ಗೋಡೆಗೆ ಸೀಮಿತಗೊಳಿಸಿದ್ದು ಜಾಣತನ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಮರಳಿಸುತ್ತದೆ, ತಿಳಿಯಾದ ಹಲಸಿನ ಬೀಜ ಅರವತ್ತರ ಆಸುಪಾಸು, ಗಾಢ ಹಸಿರು ಹತ್ತು ಹದಿನೈದು. ನಾಲ್ಕು ಗೋಡೆಗೂ ಕಡುಹಸಿರು ಬಳಿದವರು ಹಗಲಲ್ಲೇ ದೀಪ ಹಚ್ಚಬೇಕಾಗುತ್ತದೆ.

ಕಿರಿಯ ಮಗಳು ಒಂದು ಕೆಲಸ ಮಾಡಿದಳು, ಓದುಗರು ಅನುಸರಿಸಬಹುದಾದದ್ದು. ಸಣ್ಣ ಡಬ್ಬ ಬಣ್ಣ ತಂದು ದೊಡ್ಡ ಡ್ರಾಯಿಂಗ್ ಹಾಳೆಗಳಿಗೆ ಎರಡು ಕೋಟ್ ಬಳಿದು, ಒಣಗಿಸಿ, ಗೋಡೆಗೆ ಅಂಟಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದಳು. ಅಂಗಡಿಯಲ್ಲಿ ಗೋಡೆಯ ಹಸಿರಿಗೆ ತಾಳೆಯಾಗಿದ್ದ ಪರದೆ ಬಟ್ಟೆಯ ಹಸಿರು ಮನೆಯ ಹಗಲಿನಲ್ಲಿ ಬೇರೆಯಾಗಿ ಕಂಡಿತು. ಅಂಗಡಿಯವನು ಮೋಸ ಮಾಡಿದ ಎಂದು ಅಪ್ಪ ಹೊರಟೇಬಿಟ್ಟಿದ್ದರು. ಮೋಸ ಅಂಗಡಿಯವನದಲ್ಲ, ಬೆಳಕಿನದು. ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರೇ ಬಗೆ. ಬಟ್ಟೆಯ ಬಣ್ಣ ಒಂದು ರೀತಿಯಲ್ಲಿ, ಗೋಡೆಯ ಬಣ್ಣ ಇನ್ನೊಂದು ರೀತಿಯಲ್ಲಿ ಬೆಳಕನ್ನು ಮರಳಿಸಿದರೂ ಒಂದು ದೀಪದ ಕೆಳಗೆ ಆ ಮೂರು ಕೋಶಗಳ ಲೆಕ್ಕ ಸರಿಸಮವಾಗಿಬಿಡಬಹುದು. ದೀಪ ಬದಲಾದರೆ ಲೆಕ್ಕ ತಪ್ಪುತ್ತದೆ. ಎಲ್‌ಇಡಿ ಬಲ್ಬುಗಳಲ್ಲೂ 2,700 ಕೆಲ್ವಿನ್ನಿನ ಹಳದಿ ಬೆಳಕು, 6,500 ಕೆಲ್ವಿನ್ನಿನ ನೀಲಿಬಿಳಿ ಬೆಳಕು ಎಂದು ಭೇದವಿದೆ. ಡಬ್ಬದ ಮೇಲೆ ಬರೆದಿರುತ್ತದೆ. ಮೊದಲು ಬಲ್ಬು ನಿಶ್ಚಯಿಸಿ, ಆಮೇಲೆ ಬಣ್ಣ ಆರಿಸುವುದು ಕ್ರಮ. ಎಲ್ಲರೂ ತಿರುಗುಮುರುಗಾಗಿ ಮಾಡುತ್ತಾರೆ.

ಹಾಳೆಗಳ ಪ್ರಯೋಗದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಹಸಿರು ಹಾಳೆಯ ಪಕ್ಕಕ್ಕಿಟ್ಟ ಹಲಸಿನ ಬೀಜದ ಹಾಳೆ ನಸು ಗುಲಾಬಿಯಾಗಿ ತೋರಿತು. ಹಸಿರನ್ನು ದಿನಪತ್ರಿಕೆಯಿಂದ ಮುಚ್ಚಿದರೆ ಗುಲಾಬಿ ಮಾಯ! ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್‌ಗೆ ಇಂಥದೇ ದೂರು ಬಂದಿತ್ತು: ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು. ಪರೀಕ್ಷಿಸಿದರೆ ನೂಲು ಸರಿಯಿತ್ತು. ಪಕ್ಕದ ನೂಲಿನ ಬಣ್ಣ ಅದನ್ನು ಕೆಡಿಸಿ ತೋರಿಸುತ್ತಿತ್ತು. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಬಿಳಿ ಹಾಳೆಯ ಮೇಲೆ ಕುಂಕುಮದ ಬೊಟ್ಟಿಟ್ಟು ಅರ್ಧ ನಿಮಿಷ ದಿಟ್ಟಿಸಿ, ಬಳಿಕ ಖಾಲಿ ಹಾಳೆಯತ್ತ ನೋಡಿ: ಹಸಿರು ಮಿಶ್ರಿತ ನೀಲಿಯ ಬೊಟ್ಟು ತೇಲುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ಹಸಿರು ಬಟ್ಟೆ ಬಂದದ್ದಕ್ಕೂ ರಕ್ತದ ಕೆಂಪನ್ನೇ ನೋಡಿ ನೋಡಿ ದಣಿಯುವ ಕಣ್ಣಿಗೂ ಸಂಬಂಧವಿದೆ.

ಹಸಿರು ಕಣ್ಣಿಗೆ ತಂಪು, ಮಗಳ ಓದಿಗೆ ಒಳ್ಳೆಯದು, ಕನ್ನಡಕದ ನಂಬರು ಇಳಿಯುತ್ತದೆ ಎಂದು ನೆರೆಯವರೊಬ್ಬರು ಹೇಳಿ ಹೋದರು. ಹಗಲಿನಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರಿನ ಹಳದಿಹಸಿರಿಗೆ ಎಂಬುದು ನಿಜ. ಆದರೆ ಹಸಿರು ಗೋಡೆ ನೋಡಿ ನಂಬರು ಇಳಿದವರಿಲ್ಲ. ಮಕ್ಕಳ ಸಮೀಪದೃಷ್ಟಿ ತಡೆಯಲು ಕೆಲಸ ಮಾಡುವುದು ಹೊರಗಿನ ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ ಆರು ಏಳು ವರ್ಷದ ಮಕ್ಕಳನ್ನು ಶಾಲೆಯಿಂದ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದವರು ಅವರಲ್ಲಿ ನೂರಕ್ಕೆ ಸುಮಾರು 30, ಉಳಿದವರಲ್ಲಿ ಸುಮಾರು 40. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಪೋಷಕರು ಬಣ್ಣಕ್ಕೆ ಖರ್ಚು ಮಾಡುವುದರ ಜೊತೆಗೆ ಮಕ್ಕಳನ್ನು ಸಂಜೆ ಬಯಲಿಗೂ ಅಟ್ಟಬೇಕು. ಅದಕ್ಕೆ ಕಾಸು ಬೇಕಿಲ್ಲ.

ಗಿಡದ ಕುಂಡಗಳದೂ ಇದೇ ಪಾಡು. ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡ ಇಟ್ಟು ನಾಸಾದವರು 1989ರಲ್ಲಿ ಮಾಡಿದ ಪ್ರಯೋಗದಿಂದ ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತು ಹಬ್ಬಿತು. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಮಾಡಿದವರು, ಕಿಟಕಿ ತೆರೆದಿಟ್ಟ ಫಲ ಪಡೆಯಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಎಂದರು. ಹಾಲಿನಲ್ಲಿ ಮನುಷ್ಯರಿಗೆ ಜಾಗ ಉಳಿಯದು. ಚೆಂದಕ್ಕೆ ಒಂದು ಮನಿ ಪ್ಲಾಂಟ್ ಸಾಕು, ಅದೂ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ. ಅದು ಕೆಸುವಿನ ಕುಟುಂಬದ್ದು. ಹಸಿ ಕೆಸುವು ಬಾಯಿ ತುರಿಸುವುದು ಯಾವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿಂದಲೋ ಅವೇ ಇದರ ಎಲೆಯಲ್ಲೂ ಇವೆ.

ಇಷ್ಟರಲ್ಲಿ ಮೇಸ್ತ್ರಿ ಕೆಲಸ ಶುರು ಮಾಡಿದ. "ಪುಟ್ಟಿ ತಗೊಂಡು ಬಾ!" ಎಂದು ತನ್ನ ಹುಡುಗನಿಗೆ ಕೂಗಿದರೆ, ಮೊಮ್ಮಗಳನ್ನು ಪುಟ್ಟಿ ಎಂದೇ ಕರೆಯುವ ಅಜ್ಜಿ, "ಅವಳನ್ನು ಯಾಕಪ್ಪ ಎಳೀತೀಯ, ಓದಿಕೊಳ್ಳುತ್ತಿದ್ದಾಳೆ" ಎಂದು ಒಳಗಿಂದಲೇ ಗದರಿದರು. ಗೋಡೆ ಉಜ್ಜಿ, ಪುಟ್ಟಿ ಹಚ್ಚಿ, ಪ್ರೈಮರ್ ಬಳಿದದ್ದಾಯಿತು. ಕಿಟಕಿಯ ಹಳೇ ಹಸಿರು ಬಣ್ಣವನ್ನು ಉಪ್ಪುಕಾಗದದಿಂದ ಒಣಗಲೇ ಉಜ್ಜಿ ತೆಗೆಯುವುದೆಂದು ಅವನ ಲೆಕ್ಕ. ಹಿರಿಯ ಮಗಳು ಬಸ್ಸು ಹತ್ತುವುದು ಮಾರನೆಯ ದಿನ.

ಪುಟ್ಟಿ, ಅಂದರೆ ಹುಡುಗಿ, ಬೇಡವೇ ಬೇಡ ಎಂದು ಅಡ್ಡ ನಿಂತಳು. ಹಸಿರು ಬಣ್ಣದ ಚರಿತ್ರೆ ಅಷ್ಟು ಶುದ್ಧವಲ್ಲ. 1775ರಲ್ಲಿ ಸ್ವೀಡನ್ನಿನ ಷೀಲೆ ತಯಾರಿಸಿದ ಸೊಗಸಾದ ಹಸಿರು ತಾಮ್ರ ಮತ್ತು ಆರ್ಸೆನಿಕ್ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಯೂರೋಪು ಅದನ್ನು ಗೋಡೆಕಾಗದಕ್ಕೆ ಬಳಸಿ ಕಾಯಿಲೆ ಕೊಂಡುಕೊಂಡಿತು. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದರೆ ಆ ಬಣ್ಣದಿಂದ ವಿಷಾನಿಲ ಹುಟ್ಟುತ್ತದೆ ಎಂದು ಇಟಲಿಯ ಗೋಸಿಯೊ 1890ರ ದಶಕದಲ್ಲಿ ತೋರಿಸಿದ. ನಮ್ಮ ಕಿಟಕಿಗಳ ಕಥೆ ಬೇರೆ ವಿಷದ್ದು. ಹಳೆಯ ಹಸಿರು ಎಣ್ಣೆಬಣ್ಣಗಳಲ್ಲಿ ಸೀಸದ ಕ್ರೋಮೇಟಿನ ಹಳದಿಗೆ ಪ್ರಷ್ಯನ್ ನೀಲಿ ಬೆರೆಸಿ ಮಾಡಿದ ಹಸಿರು ಸಾಮಾನ್ಯವಾಗಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ನಿಯಮವಾದದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಎಣ್ಣೆಬಣ್ಣವನ್ನು ಸೀಸವಿದೆ ಎಂದೇ ಭಾವಿಸಿ ಮುಟ್ಟುವುದು ಕ್ಷೇಮ. ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುವ ತನಕ ಅದು ಸುಮ್ಮನಿರುತ್ತದೆ. ಒಣಗಲೇ ಉಜ್ಜಿದರೆ ಪುಡಿಯಾಗಿ ಗಾಳಿಗೇರಿ, ನೆಲಕ್ಕಿಳಿದು, ಕೈಗೆ ಬಾಯಿಗೆ ಸೇರುತ್ತದೆ. ಬಸುರಿಯ ರಕ್ತಕ್ಕೆ ಸೇರಿದ ಸೀಸ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಇಷ್ಟಾದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ.

"ಮೂವತ್ತು ವರ್ಷದಿಂದ ಉಜ್ಜಿದ್ದೀನಿ ಯಜಮಾನ್ರೇ, ನನಗೇನಾಗಿದೆ?" ಎಂದ ಮೇಸ್ತ್ರಿ. ಏನಾಗಿದೆ ಎಂದು ಅವನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂಬುದು ಬೇರೆ ಮಾತು. ಅಪ್ಪ ಇಕ್ಕಟ್ಟಿಗೆ ಸಿಕ್ಕಿದರು. ಅತ್ತ ಮುಹೂರ್ತ ಗೊತ್ತಾಗಿದೆ, ಬೀಗರಿಗೆ ಕರೆ ಹೋಗಿದೆ. ಇತ್ತ ಚಿಕ್ಕವಳ ಮಾತು. ಕೊನೆಗೆ ಫೋನು ಎತ್ತಿ, "ಒಂದು ವಾರ ತಡೆದು ಬಾ ಮಗಳೇ" ಎಂದರು. ತವರಿಗೆ ಬಾ ಎನ್ನುವ ಬದಲು ಬರಬೇಡ ಎನ್ನುವುದು ತಂದೆಗೆ ಸುಲಭದ ಮಾತಲ್ಲ. ಆಚೆ ಕಡೆ ಅವಳು ಮುನಿಸಿಕೊಂಡಳು, ಬೀಗಿತ್ತಿ ಏನೇನೋ ಅರ್ಥ ಮಾಡಿಕೊಂಡರು. ಅದನ್ನು ಸರಿಪಡಿಸಲು ಅಮ್ಮನಿಗೆ ಎರಡು ದಿನ ಹಿಡಿಯಿತು.

ಬಣ್ಣ ಏಳದ ಕಿಟಕಿಗಳನ್ನು ಉಜ್ಜದೆ, ಸೋಪಿನ ನೀರಲ್ಲಿ ಒರೆಸಿ ಅದರ ಮೇಲೆಯೇ ಹೊಸ ಬಣ್ಣ ಬಳಿಸಿದರು. ಹಕ್ಕಳೆ ಎದ್ದಿದ್ದ ಎರಡು ಕಿಟಕಿಗಳನ್ನು ಮಾತ್ರ ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತ ಒದ್ದೆಯಾಗಿಯೇ ಉಜ್ಜಿಸಿದರು. ಪೊರಕೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿ ಆ ಬಟ್ಟೆಯನ್ನೂ ಬಿಸಾಡಿದರು. ಅಮ್ಮ ಮೇಸ್ತ್ರಿಗೂ ಹುಡುಗನಿಗೂ ಮಾಸ್ಕು ಕೊಟ್ಟರು. ಸೋಪು ಹಚ್ಚಿ ಕೈ ತೊಳೆದದ್ದನ್ನು ನೋಡಿದ ಮೇಲೆಯೇ ಅವಲಕ್ಕಿ ತಟ್ಟೆ ಮುಂದಿಟ್ಟರು.

ಸೀಮಂತ ನಡೆಯಿತು. ಹಲಸಿನ ಬೀಜದ ಗೋಡೆಯ ಮುಂದೆ ಹಸಿರು ಸೀರೆ ಎದ್ದು ಕಂಡಿತು. ದಕ್ಷಿಣದ ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡ ಸೋದರತ್ತೆಯ ಕೆನ್ನೆ ಮಾತ್ರ ಫೋಟೋದಲ್ಲಿ ಹಸಿರು ತಿರುಗಿತ್ತು. ಗೋಡೆಯಿಂದ ಚಿಮ್ಮಿದ ಬೆಳಕನ್ನು ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳದೆ ಸರಿಪಡಿಸಿಕೊಂಡರೂ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ಬರೆದಿಡುತ್ತದೆ.

ಎರಡು ತಿಂಗಳ ಬಳಿಕ ಹೆಣ್ಣುಮಗು ಬಂತು. ಹಾಲಿನಲ್ಲಿ ತೊಟ್ಟಿಲು ಕಟ್ಟಿದರು. ಎಳೆಗೂಸಿಗೆ ಒಂದಡಿಯಾಚೆ ಎಲ್ಲವೂ ಮಸುಕು. ಹಸಿರು, ಹಲಸು ಎಂಬ ನಯವಾದ ಭೇದ ತಿಳಿಯಲು ಮೂರು ನಾಲ್ಕು ತಿಂಗಳಾದರೂ ಬೇಕು. ಎರಡು ಕಣ್ಣಿನ ಚಿಕಿತ್ಸೆಯೂ ಮುಗಿದಿದ್ದ ಮುತ್ತಜ್ಜಿ ತೊಟ್ಟಿಲಿಗೆ ಬಗ್ಗಿದಾಗ ಮಗು ನೆಟ್ಟ ನೋಟದಿಂದ ನೋಡಿದ್ದು ಅವರ ಬೆಳ್ಳನೆ ಕೂದಲಿಗೂ ಕಪ್ಪು ಕನ್ನಡಕಕ್ಕೂ ನಡುವಿನ ಗೆರೆಯನ್ನು. ಉಳಿದ ಅರ್ಧ ಲೀಟರ್ ಹಲಸಿನ ಬೀಜವನ್ನು ಅಪ್ಪ ಬಿಗಿಯಾಗಿ ಮುಚ್ಚಿ, ಬಣ್ಣದ ಸಂಖ್ಯೆಯನ್ನೂ ತಾರೀಖನ್ನೂ ಮೇಲೆ ಬರೆದು ಅಟ್ಟದ ಮೇಲೆ ಇಟ್ಟಿದ್ದಾರೆ. ಇನ್ನೆರಡು ವರ್ಷಕ್ಕೆ ಮೊಮ್ಮಗಳ ಕೈಗೆ ಪೆನ್ಸಿಲು ಸಿಗುತ್ತದೆ ಎಂಬುದು ಅವರ ಲೆಕ್ಕ.